ತುಂಬಿ ಬಂದ ಬಾಟಲಿ

ಹನ್ನೆರಡನೆಯ ದಿನಕ್ಕೆ ನಳ ಬಂದಿತ್ತು. ಬೆಟಗೇರಿಯ ಆ ಓಣಿಯಲ್ಲಿ ನಳ ಬರುವ ಬೆಳಗೆಂದರೆ ಹಬ್ಬವೂ ಹೌದು, ಜಗಳವೂ ಹೌದು. ಪೈಪಿನೊಳಗೆ ಗಾಳಿ ಬುಸುಗುಟ್ಟಿ, ಎರಡು ಸಲ ಕೆಮ್ಮಿ, ಒಂದಿಷ್ಟು ಕೆಂಪು ನೀರು ಉಗುಳಿ, ಆಮೇಲೆ ಧಾರೆ ತಿಳಿಯಾಗುವ ಸದ್ದಿಗಾಗಿ ಹೆಣ್ಣುಮಕ್ಕಳು ನಿದ್ದೆಯಲ್ಲೂ ಒಂದು ಕಿವಿ ತೆರೆದೇ ಮಲಗುತ್ತಿದ್ದರು. ನಾಗರತ್ನಾ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಡಿಯುವ ಕೊಡಗಳನ್ನು ತುಂಬಿ ಒಳಗಿಟ್ಟು ಬಂದು, ಈಗ ಪೈಪಿನ ತುದಿಯನ್ನು ನೀಲಿ ಬ್ಯಾರಲ್ಲಿಗೆ ಇಳಿಬಿಟ್ಟಿದ್ದಳು. ಅದು ತುಂಬುವಷ್ಟರಲ್ಲಿ ಹಂಡೆ ತಿಕ್ಕಬೇಕು. ಹಂಡೆಯ ನಂತರ ಬಕೀಟು, ತಪೇಲಿ, ಕೊನೆಗೆ ಚೊಂಬು ಕೂಡ. ನೀರು ಒಂದೂವರೆ ತಾಸು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ.

ಬ್ಯಾರಲ್ಲು ಅರ್ಧಕ್ಕೆ ಬಂದಾಗ ಬಚ್ಚಲೊಳಗಿಂದ ಸಣ್ಣ ದನಿಯೊಂದು ಕೇಳಿತು. ಅಳುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಂಥ ದನಿ.

“ನೇತ್ರಾ? ಏನಾತಬೇ?”

“ಏನಿಲ್ಲವ್ವಾ. ನೀ ನೀರ ತುಂಬು.”

ಏನಿಲ್ಲ ಎಂದ ದನಿ ನಡುವೆಯೇ ಮುರಿದಿತ್ತು. ನಾಗರತ್ನಾ ಹಂಡೆ ಬಿಟ್ಟು ಓಡಿದಳು. ಏಳನೆಯ ಇಯತ್ತೆಯ ಮಗಳು ಬಚ್ಚಲ ಮೂಲೆಯಲ್ಲಿ ಕಿಬ್ಬೊಟ್ಟೆ ಒತ್ತಿ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಳು. ಹಣೆಯ ಕೂದಲು ಬೆವರಿಗೆ ಅಂಟಿತ್ತು.

“ಉರೀತೈತಿ ಅವ್ವಾ. ಹನಿ ಹನಿ ಬರತೈತಿ, ಬೆಂಕಿ ಬಂದಂಗ.”

ತಾಯಿ ಹಣೆ ಮುಟ್ಟಿದಳು. ಸುಡುತ್ತಿತ್ತು. ಜುಲೈನಲ್ಲಿ ಒಮ್ಮೆ ಹೀಗಾಗಿತ್ತು, ಗಣಪತಿ ಹಬ್ಬದ ಮುಂದೆ ಇನ್ನೊಮ್ಮೆ. ಎರಡೂ ಸಲ ಉಷ್ಣ ಎಂದುಕೊಂಡಿದ್ದರು. ಎರಡನೆಯ ಸಲ ಔಷಧದಂಗಡಿಯಿಂದ ಗುಳಿಗೆ ತಂದು ಕೊಟ್ಟು, ಜೀರಿಗೆ ನೀರು ಕುಡಿಸಿ, ವಾಸಿಯಾಯಿತೆಂದು ಮರೆತಿದ್ದರು. ಆಗ ಜ್ವರ ಇರಲಿಲ್ಲ.

ಹೊರಗೆ ಪೈಪು ಬ್ಯಾರಲ್ಲಿನಿಂದ ಜಾರಿ ನೆಲದ ಮೇಲೆ ಹಾವಿನಂತೆ ಹೊರಳತೊಡಗಿತ್ತು. ಎದುರು ಮನೆಯ ಕರಿಯವ್ವ ಕೂಗಿದಳು: “ಏ ನಾಗರತ್ನಾ! ನಿನ್ನ ನೀರು ಗಟಾರ ಪಾಲಾಗಾಕತ್ತಾವ! ದಾನಾ ಮಾಡೂದಿದ್ದರ ನಮ್ಮ ಕಡೆ ಹಚ್ಚಬೇ!”

ನಾಗರತ್ನಾ ಹೊರಗೆ ಬರಲಿಲ್ಲ. ಕೊನೆಗೆ ಅತ್ತೆ ನೀಲಗಂಗವ್ವನೇ ಮೊಣಕಾಲು ಹಿಡಿದು ಎದ್ದು ಪೈಪನ್ನು ಬ್ಯಾರಲ್ಲಿಗೆ ತುರುಕಿದಳು. “ನೀರು ಬಿಟ್ಟು ಒಳಗ ಕುಂತಾಳಂದರ,” ಎಂದು ತನಗೇ ಹೇಳಿಕೊಂಡಳು, “ಏನೋ ದೊಡ್ಡದ ಆಗೈತಿ.”

ಗಂಡ ಮೌನೇಶ ನಸುಕಿನಲ್ಲೇ ಟೆಂಪೊದಲ್ಲಿ ಸೀರೆಯ ಗಂಟುಗಳನ್ನು ಹೇರಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದ. ನಾಗರತ್ನಾ ಮಗಳನ್ನು ಆಟೊದಲ್ಲಿ ಕೂರಿಸಿಕೊಂಡು ಗದಗಿನ ದವಾಖಾನೆಗೆ ಹೋದಳು. ರಸ್ತೆಯ ಒಂದೊಂದು ತಗ್ಗಿಗೂ ನೇತ್ರಾ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯುತ್ತಿದ್ದಳು.

ಡಾಕ್ಟರಮ್ಮ ಮೂತ್ರ ಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದರು. “ನೀರ ಕುಡೀತಿಯೇನವಾ?”

“ಹ್ಞೂಂ ರೀ.”

“ದಿನಾ ಒಂದ ಲೀಟರಿನ ಬಾಟ್ಲಿ ಒಯ್ತಾಳ್ರಿ ಶಾಲಿಗೆ,” ಎಂದು ನಾಗರತ್ನಾ ಬಾಯಿ ಹಾಕಿದಳು.

“ಒಯ್ಯೂದ ಬ್ಯಾರೆ, ಕುಡಿಯೂದ ಬ್ಯಾರೆ.” ಡಾಕ್ಟರಮ್ಮ ಹುಡುಗಿಯ ಕಡೆಗೇ ನೋಡುತ್ತಿದ್ದರು. “ಶಾಲ್ಯಾಗ ಒಂದಕ್ಕ ಎಷ್ಟ ಸಲ ಹೋಗತಿ?”

ನೇತ್ರಾ ತನ್ನ ಕಾಲ್ಬೆರಳು ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು.

“ನಾಕ ತಿಂಗಳದಾಗ ಇದು ಮೂರನೇ ಸಲ ಅಂತೀರಿ,” ಎಂದರು ಡಾಕ್ಟರಮ್ಮ. “ಈ ಸಲ ಜ್ವರಾನೂ ಬಂದೈತಿ. ಔಷಧ ಕೊಡತೇನಿ, ಕಡಿಮಿ ಆಗತೈತಿ. ಆದರ ಹಿಂಗ ಮತ್ತ ಮತ್ತ ಆತಂದರ ಮೂತ್ರಪಿಂಡಕ್ಕ ಪೆಟ್ಟು ಬೀಳತೈತಿ. ಹೊಟ್ಟಿತುಂಬ ನೀರ ಕುಡೀಬೇಕು, ಮೂರು ತಾಸಿಗೊಮ್ಮೆ ಹೋಗಬೇಕು. ತಡಕೊಂಡು ಕುಂಡ್ರಬಾರದು. ತಿಳೀತಿಲ್ಲೋ?”

ನಾಗರತ್ನಾಗೆ ಪೆಟ್ಟು ಎಂಬ ಒಂದೇ ಮಾತು ತಿಳಿದಿತ್ತು. ಮನೆ ಮುಟ್ಟುವವರೆಗೂ ಅದು ಕಿವಿಯಲ್ಲಿ ಕೂತೇ ಇತ್ತು.

ಮಗಳನ್ನು ಮಲಗಿಸಿ, ಗುಳಿಗೆ ನುಂಗಿಸಲು ನೀರು ಬೇಕಾಗಿ, ಕೈಗೆ ಹತ್ತಿರವಿದ್ದ ಶಾಲೆಯ ಚೀಲದಿಂದ ಬಾಟಲಿ ಎಳೆದಳು. ನಿನ್ನೆಯ ಬಾಟಲಿ. ನಿನ್ನೆ ಸಂಜೆ ಸೀರೆಯ ಗಿರಾಕಿ ಬಂದು ಕೂತಿದ್ದರಿಂದ ಅದನ್ನು ತೆಗೆಯುವುದು ಮರೆತಿತ್ತು. ಎತ್ತಿದ ಕೂಡಲೇ ಅವಳ ಕೈ ಅಲ್ಲಿಯೇ ನಿಂತಿತು.

ಭಾರವಾಗಿತ್ತು. ಕೊರಳವರೆಗೂ ನೀರಿತ್ತು.

ಆ ಭಾರ ಅವಳ ಕೈಗೆ ಹೊಸದಲ್ಲ. ಜೂನ್ ತಿಂಗಳಿನಿಂದ ದಿನಾ ಸಂಜೆ ಅವಳೇ ಆ ಗುಲಾಬಿ ಬಾಟಲಿಯನ್ನು ತೆಗೆದು, ಉಳಿದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಕೊಡಕ್ಕೆ ವಾಪಸು ಸುರಿಯುತ್ತಿದ್ದಳು. ಹನ್ನೆರಡು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಹಾಗೆ ಮಾಡದೆ ಇನ್ನೇನು ಮಾಡುತ್ತಾರೆ? ಸುರಿಯುತ್ತ ಹಿಗ್ಗುತ್ತಿದ್ದಳು ಕೂಡ. ಕರಿಯವ್ವನ ಮುಂದೆ ಹೇಳಿದ್ದಳು: “ನಮ್ಮ ನೇತ್ರಾಗ ನೀರಿನ ಬೆಲೆ ಗೊತ್ತೈತಿ ನೋಡು. ಒಯ್ದ ಬಾಟ್ಲಿ ಹಂಗ ತರತಾಳ.” ಕರಿಯವ್ವ ತನ್ನ ಮಗನ ತಲೆಗೆ ಒಂದು ಮೊಟಕಿ, “ಕಲೀಲೇ ಅಕಿನ್ನ ನೋಡಿ” ಎಂದಿದ್ದಳು. ನೀಲಗಂಗವ್ವನಂತೂ ಮೊಮ್ಮಗಳ ದೃಷ್ಟಿ ತೆಗೆದು, “ಡಂಬಳದ ರಕ್ತ ಅದು. ಕೆರಿ ದಂಡಿ ಮ್ಯಾಲೆ ಹುಟ್ಟಿದ ಮಂದಿ ನಾವು, ನಮಗ ನೀರಂದರ ದೇವರು” ಎಂದು ತವರಿನ ಹೆಸರು ಎತ್ತಿದ್ದಳು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಎಲ್ಲರೂ ಅದನ್ನು ಸಂಕೋಚ ಎಂದುಕೊಂಡಿದ್ದರು.

ನಾಗರತ್ನಾ ಬಾಟಲಿಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತಳು. ನಾಲ್ಕು ತಿಂಗಳು. ದಿನಾ ಸಂಜೆ ಕೈಯೇ ತೂಕ ಹೇಳುತ್ತಿತ್ತು, ಅವಳು ಕೇಳಿಸಿಕೊಂಡಿರಲಿಲ್ಲ.

“ಯಾಕ ಕುಡಿಯೂದಿಲ್ಲ ಕೂಸ?” ಎಂದು ಮೆಲ್ಲಗೆ ಕೇಳಿದಳು. ನೇತ್ರಾ ಗೋಡೆಯ ಕಡೆ ಹೊರಳಿದಳು. ನಾಗರತ್ನಾ ಇನ್ನೊಮ್ಮೆ ಕೇಳಲಿಲ್ಲ. ಮಗಳು ಎಂಥವಳೆಂದು ಅವಳಿಗೆ ಗೊತ್ತಿತ್ತು. ಎಳೆದರೆ ಬಿಗಿಯುವ ಗಂಟು ಅದು, ಕಾದರೆ ತಾನೇ ಸಡಿಲಾಗುತ್ತದೆ. ಆದರೆ ಈ ಸಲ ಕಾಯಲು ಎಷ್ಟು ದಿನ ಇದೆಯೋ ಎಂಬ ಹೆದರಿಕೆ ಎದೆಯೊಳಗೆ ಗೀರತೊಡಗಿತ್ತು.

ಗಂಟು ಬಿಚ್ಚಿದವಳು ನೂರೀನ. ಹಿಂದಿನ ಓಣಿಯವಳು, ನೇತ್ರಾಳ ಬೆಂಚಿನವಳು. ಎರಡನೆಯ ದಿನ ಸಂಜೆ ಗಣಿತದ ವಹಿ ಕೊಡಲು ಬಂದು, ಮಲಗಿದ್ದ ಗೆಳತಿಯನ್ನು ನೋಡಿ, “ಹೇಳಿದ್ದೆಲ್ಲೇ ನಿಂಗ, ಎರಡ ಗುಟಕರ ಕುಡೀ ಅಂತ!” ಎಂದು ಬಾಯಿಬಿಟ್ಟಳು. ತಕ್ಷಣ ನಾಲಗೆ ಕಚ್ಚಿಕೊಂಡಳು.

“ಎರಡ ಗುಟಕ ಅಂದರ ಏನವಾ ನೂರೀನ?” ನಾಗರತ್ನಾ ಸೀರೆಯ ಅಂಚಿಗೆ ಪಿಕೋ ಹೊಡೆಯುತ್ತಿದ್ದ ಮಷಿನ್ನಿನಿಂದ ಕಾಲು ತೆಗೆದಳು.

“ನೂರೀ, ಸುಮ್ನಿರಲೇ,” ಎಂದಳು ನೇತ್ರಾ.

ಆದರೆ ನೂರೀನ ಸುಮ್ಮನಿರುವ ಹುಡುಗಿಯಲ್ಲ. “ಹುಡುಗ್ಯಾರ ಕಾಯ್ದೆ ಆಂಟಿ. ಮುಂಜಾನೆ ಏನೂ ಕುಡಿಯೂದಿಲ್ಲ. ಮಧ್ಯಾಹ್ನ ಉಂಡ ಮ್ಯಾಲೆ ಎರಡ ಗುಟಕ, ಬಾಯಿ ಹಸಿ ಆಗೂವಷ್ಟ. ಹಾಲು ಕೊಟ್ಟ ದಿನಾ ನಮ್ಮ ಪಾಲಿನ ಹಾಲು ಹುಡುಗರಿಗೆ ಕೊಟ್ಟ ಬಿಡತೇವಿ. ಹಂಗಾದರ ನಾಕರ ತನಕ ತಡಕೋಬಹುದು. ನಿಮ್ಮ ಮಗಳು ಆ ಎರಡ ಗುಟಕಾನೂ ಕುಡಿಯೂದಿಲ್ಲ. ಅವ್ವಾ ನೀರ ಉಳಿಸಿದರ ಖುಷಿ ಆಗತಾಳ ಅಂತಾಳ.”

ನಾಗರತ್ನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. “ಶಾಲ್ಯಾಗ ಸಂಡಾಸ ಐತೆಲ್ಲವಾ. ಹೋದ ವರ್ಷ ಬಣ್ಣಾ ಹಚ್ಚಿ, ಚಿತ್ರಾ ಬರಸಿ, ಸ್ವಚ್ಛ ಶಾಲಿ ಅಂತ ಬಹುಮಾನ ತಗೊಂಡ್ರು.”

“ಐತ್ರಿ. ಭಾಳ ಸ್ವಚ್ಛ ಐತ್ರಿ. ಕೀಲಿ ಹಾಕ್ಯಾರ. ಕೀಲಿಕೈ ಹೆಡ್‌ಮಾಸ್ತರ ಕಡೆ ಐತಿ. ಬೇಕಂದರ ಆಫೀಸಿಗೆ ಹೋಗಿ, ಸರ್ ಮುಂದ ನಿಂತು, ಕೇಳಬೇಕು. ಅಲ್ಲೇ ಹುಡುಗರು ಪುಸ್ತಕ ಜೋಡಿಸ್ಕೋತ ನಿಂತಿರತಾರ. ಯಾರ ಕೇಳತಾರ್ರಿ?”

ಮೊದಲು ಶಾಲೆಯ ಹಿಂದೆ ಜಾಲಿ ಗಿಡಗಳ ಮರೆಯಿತ್ತು. ಈಗ ಅಲ್ಲಿ ಕಂಪೌಂಡ್ ಗೋಡೆ ಎದ್ದಿದೆ. ಮನೆಗೆ ಓಡಿ ಬರಬೇಕೆಂದರೆ ಹತ್ತು ನಿಮಿಷದ ಬಿಡುವು ಸಾಲುವುದಿಲ್ಲ, ಊಟದ ಹೊತ್ತಿನಲ್ಲಿ ಗೇಟಿನಾಚೆ ಬಿಡುವುದಿಲ್ಲ. ಇಷ್ಟನ್ನು ಹೇಳಿ ನೂರೀನ ದನಿ ತಗ್ಗಿಸಿದಳು. ಹೋದ ವರ್ಷ ಒಬ್ಬ ಹುಡುಗಿ ಧೈರ್ಯ ಮಾಡಿದ್ದಳು. ಹೆಡ್‌ಮಾಸ್ತರರು ಪ್ರೀತಿಯಿಂದ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದಾರೆ. ಮಕ್ಕಳು ಹೆಸರು ಬರೆಯದೆ ಚೀಟಿ ಹಾಕಬಹುದು, ಶನಿವಾರ ಅವರು ಪ್ರಾರ್ಥನೆಯ ಹೊತ್ತಿಗೆ ಅವನ್ನು ಓದಿ ಉತ್ತರ ಹೇಳುತ್ತಾರೆ. ಆ ಹುಡುಗಿ ಕೀಲಿಕೈಯ ವಿಷಯ ಬರೆದು ಹಾಕಿದಳು. ಸರ್ ಮುನ್ನೂರು ಮಕ್ಕಳ ಮುಂದೆ ಓದಿ, “ಶಾಬಾಸ್, ಯಾರು ಬರದೀರಿ ಮುಂದ ಬರ್ರಿ” ಎಂದರು. ಯಾರೂ ಹೋಗಲಿಲ್ಲ, ಸರ್ ಮುಂದಿನ ಚೀಟಿ ಓದಿದರು. ಹುಡುಗರು ಅಕ್ಷರ ಹೋಲಿಸಿ ಕಂಡುಹಿಡಿದರು. ಅಂದಿನಿಂದ ಅವಳಿಗೆ ಕೀಲಿಕೈ ಅಕ್ಕ ಎಂದೇ ಹೆಸರಾಯಿತು. ಈಗ ಅವಳು ಮುಂಡರಗಿಯ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ.

“ಅವ್ವಾ.” ನೇತ್ರಾ ಎದ್ದು ಕೂತಿದ್ದಳು. “ನೀ ಶಾಲಿಗೆ ಬಂದು ನನ್ನ ಹೆಸರ ಹೇಳಿದೆಂದರ ನಾ ಮತ್ತ ಆ ಶಾಲಿ ಮೆಟ್ಟಲಾ ಏರೂದಿಲ್ಲ. ಆಣಿ ಮಾಡು.”

“ಹೇಳೂದಿಲ್ಲ ಕೂಸ.”

“ಆಣಿ ಮಾಡು.”

ನಾಗರತ್ನಾ ಮಗಳ ತಲೆಯ ಮೇಲೆ ಕೈ ಇಟ್ಟಳು. ತಲೆ ಇನ್ನೂ ಬೆಚ್ಚಗಿತ್ತು.

ಬಾಗಿಲಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ನೀಲಗಂಗವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, “ಬಂಗಾರ ಇಟ್ಟ ಟ್ರೆಜರಿಗೆ ಕೀಲಿ ಹಾಕೂದು ಕೇಳಿದ್ದೆ,” ಎಂದಳು. “ಸಂಡಾಸಕ್ಕ ಕೀಲಿ ಹಾಕೂದು ಈಗ ಕೇಳಿದೆ. ಒಳಗ ಏನ ಕಳವಾಗತೈತಂತ?”

ಐದನೆಯ ದಿನ ನೇತ್ರಾ ಶಾಲೆಗೆ ಹೋದಳು. ನಾಗರತ್ನಾ ಬಾಟಲಿ ತುಂಬಿ ಕೊಡುವಾಗ, “ಉಳಿಸಬ್ಯಾಡ. ನೀರು ನಾ ಹೆಂಗರ ತರತೇನಿ, ನೀ ಕುಡಿ” ಎಂದಳು. ಮಗಳು ಹೂಂಗುಟ್ಟಿದಳು.

ಆ ದಿನ ಕೆಲಸ ಕೈಗೆ ಹತ್ತಲಿಲ್ಲ. ಬೇಳೆ ಬೇಯಿಸಲು ಇಟ್ಟು ಗಡಿಯಾರ ನೋಡಿದಳು: ಹತ್ತೂವರೆ, ಈಗ ಪ್ರಾರ್ಥನೆ ಮುಗಿದಿರುತ್ತದೆ. ಕಸ ಗುಡಿಸುತ್ತ ನೋಡಿದಳು: ಹನ್ನೆರಡು, ಈಗಾಗಲೇ ಹೊಟ್ಟೆ ಬಿಗಿದಿರುತ್ತದೆ. ರೊಟ್ಟಿ ಬಡಿಯುತ್ತ, ಸೀರೆ ಮಡಚುತ್ತ, ಎಲ್ಲೋ ದೂರದಲ್ಲಿ ಮಗಳು ಕಾಲ ಮೇಲೆ ಕಾಲು ಒತ್ತಿ ಪಾಠ ಕೇಳುವುದನ್ನು ತನ್ನದೇ ಮೈಯಲ್ಲಿ ಅನುಭವಿಸಿದಳು. ಮೂರು ತಾಸಿಗೊಮ್ಮೆ ಎಂದಿದ್ದರು ಡಾಕ್ಟರಮ್ಮ. ಹತ್ತರಿಂದ ನಾಲ್ಕಕ್ಕೆ ಆರು ತಾಸು.

ಮಷಿನ್ನಿನ ಮುಂದಿನ ಕಿಟಕಿಯಿಂದ ಓಣಿಯ ಮೂಲೆ ಕಾಣುತ್ತಿತ್ತು. ನಾಲ್ಕೂಕಾಲಿಗೆ ಅಲ್ಲಿ ಬೇವಿನ ಗಿಡದ ಬಳಿ ನೇತ್ರಾ ನಿಂತಿದ್ದಳು. ಹಿಂದೆ ಮುಂದೆ ನೋಡಿದಳು. ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ, ನೀರನ್ನೆಲ್ಲ ಗಿಡದ ಬುಡಕ್ಕೆ ಸುರಿದಳು. ಕೊನೆಯ ಹನಿಯವರೆಗೆ ಅಲುಗಾಡಿಸಿ ಸುರಿದಳು.

ಆಮೇಲೆ ನಗುತ್ತ ಒಳಗೆ ಬಂದು, “ನೋಡವ್ವಾ, ಎಲ್ಲಾ ಕುಡದೆ!” ಎಂದು ಖಾಲಿ ಬಾಟಲಿ ತೋರಿಸಿದಳು.

ಒಂದು ಲೋಟ ನೀರು ಚೆಲ್ಲಿದರೆ ಬೈಗುಳ ತಿನ್ನುವ ಮನೆಯ ಮಗಳು. ಚೆಲ್ಲಬಾರದೆಂದು ಕಲಿತ ಕೈ, ತಾಯಿ ಹೆದರಬಾರದೆಂದು ಚೆಲ್ಲಿ ಬಂದಿತ್ತು. ನಾಗರತ್ನಾ ಬಾಟಲಿ ಇಸಿದುಕೊಂಡು, “ಶ್ಯಾಣ್ಯಾಕಿ” ಎಂದಳು. ಮಷಿನ್ನಿನ ಮೇಲಿದ್ದ ಸೀರೆಯ ಅಂಚು ನಾಲ್ಕು ಬೆರಳಿನಷ್ಟು ಸೊಟ್ಟಗೆ ಹೋಗಿತ್ತು. ಅದನ್ನು ಬಿಚ್ಚುತ್ತ ಕೂತವಳು, ಬಿಚ್ಚಿ ಮುಗಿಯುವಷ್ಟರಲ್ಲಿ ನಾಳೆ ಶಾಲೆಗೆ ಹೋಗುವುದೆಂದು ಗಟ್ಟಿ ಮಾಡಿದ್ದಳು. ಆಣೆ ಮುರಿಯುವಂತಿಲ್ಲ. ಮಗಳ ಹೆಸರು ಹೇಳುವಂತಿಲ್ಲ. ಹೇಳದೆ ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ, ರಜೆಯ ಚೀಟಿ ಕೊಡುವ ನೆಪ ಮಾಡಿಕೊಂಡು ಅವಳು ಶಾಲೆಯ ಆಫೀಸಿನ ಬಾಗಿಲಲ್ಲಿ ನಿಂತಳು. ಹೆಡ್‌ಮಾಸ್ತರ ಚನ್ನಬಸವಣ್ಣನವರು ಹೊಂಬಳದಿಂದ ದಿನಾ ಬಸ್ಸಿಗೆ ಬರುವವರು, ಕೂದಲು ನರೆತ, ಒಳ್ಳೆಯ ಮನುಷ್ಯ. ಸೋಮವಾರ ಸೋಮವಾರ ಮಕ್ಕಳ ಉಗುರು ತಾವೇ ನೋಡುವರು. ಉಳ್ಳಾಗಡ್ಡಿ ಚೀಲದ ಬಲೆ ಕತ್ತರಿಸಿ, ಅದರೊಳಗೆ ಸಾಬೂನು ಹಾಕಿ, ಒಂದೊಂದು ನಳಕ್ಕೂ ಕಟ್ಟಿಸಿದವರು.

“ಬರ್ರಿ, ಬರ್ರಿ ತಂಗಿ. ನೇತ್ರಾ ಹೆಂಗದಾಳ? ಏನ ಆಗಿತ್ತು?”

“ಜ್ವರಾ ಬಂದಿತ್ರಿ.” “ಸರ್, ಅದು... ಹುಡುಗ್ಯಾರ ಸಂಡಾಸ... ನೋಡಬಹುದೇನ್ರಿ?”

ಅವರ ಮುಖ ಅರಳಿತು. “ಯಾಕ ನೋಡಬಾರದು! ತಾಯಂದ್ರು ಬಂದು ನೋಡಬೇಕು ಅಂತನ ನಾನೂ ಹೇಳೂದು.” ಪ್ಯಾಂಟಿನ ಕಿಸೆಯಿಂದ ಕೆಂಪು ದಾರ ಕಟ್ಟಿದ ಕೀಲಿಕೈ ತೆಗೆದು ಮುಂದೆ ನಡೆದರು.

ಬಾಗಿಲು ತೆರೆದರೆ ಬಿಳಿ ಟೈಲ್ಸು ಕಣ್ಣು ಕುಕ್ಕಿತು. ಹೊಸ ಬಕೀಟಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಸಾಬೂನಿನ ಮೇಲಿನ ಅಕ್ಷರ ಒಂದೂ ಸವೆದಿರಲಿಲ್ಲ. ನೆಲದ ಮೂಲೆಯಲ್ಲಿ ಒಂದು ಜೇಡ ನಿಶ್ಚಿಂತೆಯಾಗಿ ಬಲೆ ನೇಯುತ್ತಿತ್ತು.

“ಮನ್ಯಾಗ ಹೇಳಿಲ್ಲರಿ,” ಎಂದು ಚನ್ನಬಸವಣ್ಣನವರು ದನಿ ತಗ್ಗಿಸಿದರು, “ತಿಂಗಳಿಗೊಂದು ಭಾನುವಾರ ನಾನ ಬಂದು ತಿಕ್ಕಿ ತೊಳೀತೇನಿ. ಹೋದ ವರ್ಷ ಮೊದಲು ತಗದ ಇಟ್ಟಿದ್ದೆ. ಎರಡ ದಿನದಾಗ ಮೂಗ ಮುಚ್ಚಿಕೊಳ್ಳೂಹಂಗ ಆತು. ತೊಳಿಯಾಕ ಆಳಿಲ್ಲ, ಟಾಕಿ ನೀರು ಅಡಗಿಗೆ ಸಾಲೂದಿಲ್ಲ. ಮಕ್ಕಳ ಕೈಲೆ ತೊಳಸಿದರ ತಪ್ಪು. ಕೀಲಿ ಹಾಕಿದ ಮ್ಯಾಲೆ ನೋಡ್ರಿ, ಕನ್ನಡಿ ಆಗೈತಿ.”

“ಹುಡುಗ್ಯಾರಿಗೆ ಬೇಕಾದರ್ರಿ?”

“ಕೇಳಿದರ ಕೊಡತೇನೆಲ್ಲ! ಯಾರಿಗೂ ಇಲ್ಲಾ ಅಂದಿಲ್ಲ. ಆದರ ಜೂನ್‌ದಿಂದ ಒಬ್ಬಾಕಿನೂ ಕೇಳಿಲ್ಲರಿ.” ಅವರು ಹೆಮ್ಮೆಯಿಂದ ನಕ್ಕರು. “ನಮ್ಮ ಹುಡುಗ್ಯಾರ ಶಿಸ್ತು ಅಂದರ ಶಿಸ್ತು. ಎಲ್ಲಾ ಮನ್ಯಾಗ ಮುಗಿಸಿಕೊಂಡ ಬರತಾರ.”

ನಾಗರತ್ನಾ ಅವರ ಮುಖ ನೋಡಿದಳು. ಇದೇ ದನಿ. ಇದೇ ಹಿಗ್ಗು. ಒಯ್ದ ಬಾಟ್ಲಿ ಹಂಗ ತರತಾಳ ಎಂದು ಕರಿಯವ್ವನ ಮುಂದೆ ತಾನು ನಿಂತು ಹೇಳಿದ್ದು ಹೀಗೆಯೇ.

“ಸರ್, ನಾನೂ ಹಂಗ ತಿಳಕೊಂಡಿದ್ದೆ,” ಎಂದಳು.

“ಏನ ತಿಳಕೊಂಡಿದ್ರಿ?”

ಬಾಯಿ ತೆರೆದಳು. ಮುಂದಿನ ಮಾತು ಮಗಳ ಹೆಸರಿಲ್ಲದೆ ಹೊರಡುತ್ತಿರಲಿಲ್ಲ. “ಹುಡುಗ್ಯಾರಿಗೆ ಕೇಳಾಕ... ನಾಚಿಗಿ ಆಗತೈತೇನೋ ರೀ,” ಎಂದಷ್ಟೇ ಅಂದಳು.

“ನಾಚಿಗಿ? ನಮ್ಮ ಶಾಲ್ಯಾಗ? ಪ್ರಶ್ನೆ ಪೆಟ್ಟಿಗಿ ಇಟ್ಟೇನಿ, ಮಕ್ಕಳು ಎಲ್ಲಾ ಕೇಳತಾರ.” ಊಟದ ಗಂಟೆ ಆಗಲೇ ಹೊಡೆದಿತ್ತು, ನಳಗಳ ಮುಂದೆ ಮಕ್ಕಳು ಸಾಲಾಗಿ ಕೈ ತೊಳೆಯುತ್ತಿದ್ದರು. ಚನ್ನಬಸವಣ್ಣನವರು ತಿರುಗಿ, ನಾಗರತ್ನಾ ತಡೆಯುವ ಮೊದಲೇ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು: “ಏನ್ರವಾ ಹುಡುಗ್ಯಾರ್ಯಾ! ಯಾರಿಗರ ಏನರ ತ್ರಾಸ ಐತೇನು? ಇದ್ದರ ಈಗ ಕೇಳ್ರಿ!”

ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಮೂಗಿನಲ್ಲಿ, “ಕೀಲಿಕೈ ಅಕ್ಕಾ...” ಎಂದು ಎಳೆದರು.

ಹುಡುಗಿಯರ ಸಾಲಿನ ನಡುವೆ ನೇತ್ರಾ ನಿಂತಿದ್ದಳು. ಸಾಬೂನಿನ ನೊರೆ ಹತ್ತಿದ ಕೈಗಳು ಅಲ್ಲೇ ನಿಂತಿದ್ದವು, ನಳ ಸುರಿಯುತ್ತಲೇ ಇತ್ತು. ಅವಳು ತಾಯಿಯನ್ನು ನೋಡುತ್ತಿದ್ದಳು. ಆಣೆ ಮುರಿದೆಯಾ ಎಂದು ಆ ಕಣ್ಣು ಕೇಳುತ್ತಿತ್ತು. ಇಲ್ಲ ಕೂಸ, ಇಲ್ಲ, ಎಂದು ನಾಗರತ್ನಾ ತಲೆಯಾಡಿಸಿದಳು. ಈಗ ಈ ಹುಡುಗಿ ಓಡಿಹೋಗುತ್ತಾಳೆ, ನಾಳೆಯಿಂದ ಶಾಲೆ ಬಿಡುತ್ತಾಳೆ, ಎಲ್ಲ ತನ್ನಿಂದಲೇ ಎಂದುಕೊಂಡಳು.

“ಕಂಡ್ರೆಲ್ಲ?” ಎಂದರು ಚನ್ನಬಸವಣ್ಣನವರು. “ಯಾರಿಗೂ ಏನೂ ಇಲ್ಲ.” ಬಾಗಿಲು ಎಳೆದು, ಕೀಲಿ ಒತ್ತಿ, ಕೆಂಪು ದಾರವನ್ನು ಬೆರಳಿಗೆ ಸುತ್ತಿ ಕೀಲಿಕೈಯನ್ನು ಮತ್ತೆ ಕಿಸೆಗೆ ಇಳಿಬಿಟ್ಟರು.

ನೇತ್ರಾಳ ಕಣ್ಣು ಆ ಕಿಸೆಯ ಮೇಲೆ ನಿಂತಿತು. ಅವಳು ಕೈಯ ನೊರೆ ತೊಳೆದುಕೊಂಡಳು. ಸುರಿಯುತ್ತಿದ್ದ ನಳವನ್ನು ಹನಿಯೂ ಬೀಳದಂತೆ ಬಿಗಿಯಾಗಿ ತಿರುವಿದಳು. ನೂರೀನ ಲಂಗದ ಚುಂಗು ಹಿಡಿದು ಜಗ್ಗಿದಳು, ನೇತ್ರಾ ಬಿಡಿಸಿಕೊಂಡಳು. ಸಾಲಿನಿಂದ ಹೊರಗೆ ಬಂದು, ಹುಡುಗರ ಮುಂದೆಯೇ ಹಾದು, ಹೆಡ್‌ಮಾಸ್ತರರಿಂದ ಎರಡು ಮಾರು ದೂರದಲ್ಲಿ ನಿಂತಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಸಲ ತುಟಿ ಅಲುಗಿತು, ದನಿ ಬರಲಿಲ್ಲ. ನಾಗರತ್ನಾ ಮಗಳ ಕಡೆ ಒಂದು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು.

ಎರಡನೆಯ ಸಲ ದನಿ ಬಂತು. ನಡುಗುತ್ತಿತ್ತು, ಆದರೆ ನಳದ ಕಡೆಯ ಹುಡುಗನವರೆಗೂ ಕೇಳಿಸಿತು.

“ಸರ್, ನಮ್ಮ ಸಂಡಾಸದ ಕೀಲಿಕೈ ನಿಮ್ಮ ಕಿಸೇದಾಗ ಯಾಕ ಇರತೈತ್ರಿ?”